ಕ್ಯಾಲರಿಮೀಟರಿನ ಮುಚ್ಚಳ

ಮೊನ್ನೆ ಚೆನ್ನೈನ ಅಣ್ಣಾ ನಗರದ ಮಗಳ ಮನೆಯಲ್ಲಿ ಮೊಮ್ಮಗಳು ನನ್ನ ಹಳೆಯ ತಾಮ್ರದ ಪಾತ್ರೆಯಲ್ಲಿ ನೀರು ಕಾಯಲಿಟ್ಟಿದ್ದಳು. ಮುಚ್ಚಿರಲಿಲ್ಲ. ಬಿಸಿ ತಾಮ್ರದ ವಾಸನೆ ಮೂಗಿಗೆ ಬಂದದ್ದೇ ತಡ, ಈ ವಯಸ್ಸಿನಲ್ಲೂ ನನ್ನ ಅಂಗೈ ಬೆವರಿತು...

ಅರವತ್ತರ ದಶಕದ ಆರಂಭ. ಮದರಾಸಿನ ಕಾಲೇಜಿನಲ್ಲಿ ನನ್ನ ಫಿಸಿಕ್ಸ್ ಪ್ರಾಕ್ಟಿಕಲ್ ಪರೀಕ್ಷೆ. ಫೇಲಾದರೆ ಓದು ನಿಲ್ಲಿಸಿ ಮದುವೆ ಎಂದು ಅಪ್ಪ ಮೊದಲೇ ಹೇಳಿಬಿಟ್ಟಿದ್ದರು. ಕ್ಯಾಲರಿಮೀಟರ್ ಎಂಬ ತಾಮ್ರದ ಪಾತ್ರೆಯ ನೀರು ಅರವತ್ತು ಡಿಗ್ರಿಗೆ ಕಾಯಲು ಎಷ್ಟು ಹೊತ್ತು ಬೇಕೆಂದು ಲೆಕ್ಕ ಹಾಕಬೇಕು, ಹೊರಗೆ ಹೋಗುವ ಶಾಖಕ್ಕೂ ಒಂದಿಷ್ಟು ಸೇರಿಸಬೇಕು, ಆಮೇಲೆ ಕಾಯಿಸಿ ತೋರಿಸಬೇಕು. ನನ್ನ ಲೆಕ್ಕಕ್ಕೆ ಏಳು ನಿಮಿಷ ಬಂತು. ಹತ್ತಾದರೂ ಥರ್ಮಾಮೀಟರಿನ ಪಾದರಸ ಐವತ್ತೆರಡು ಬಿಟ್ಟು ಏಳಲೊಲ್ಲದು. ಮತ್ತೆ ಗುಣಿಸಿದೆ, ಮತ್ತೆ ಕೂಡಿಸಿದೆ. ತಪ್ಪೇ ಸಿಗಲಿಲ್ಲ.

ಲ್ಯಾಬಿನ ಅಟೆಂಡರ್ ಮಾಮ ಉಡುಪಿ ಕಡೆಯವರು. ಆ ಕಟ್ಟಡದಲ್ಲಿ ಕನ್ನಡವೆಂದರೆ ನಾವಿಬ್ಬರೇ. ಬೀಕರುಗಳನ್ನು ಹಿಡಿದು ಹಾದುಹೋಗುವಾಗ, ನನ್ನತ್ತ ನೋಡದೆ, ಮೆಲ್ಲಗೆ ಅಂದರು: "ಮುಚ್ಚಳ ಎಲ್ಲುಂಟು ಮಗಾ?"

ಮುಚ್ಚಳ ನನ್ನ ರೆಕಾರ್ಡ್ ಪುಸ್ತಕದ ಅಡಿಯಲ್ಲಿತ್ತು. ಗಾಬರಿಯಲ್ಲಿ ಮುಚ್ಚುವುದನ್ನೇ ಮರೆತಿದ್ದೆ. ಮುಚ್ಚಿದೆ, ಪಾದರಸ ಏರತೊಡಗಿತು.

ಹೊರಗಿನಿಂದ ಬಂದಿದ್ದ ಪರೀಕ್ಷಕರ ಕಿವಿಗೆ ಮಾತು ಬಿದ್ದಿತ್ತು, ಅರ್ಥ ಆಗಿರಲಿಲ್ಲ. ಇಬ್ಬರನ್ನೂ ಎದುರು ನಿಲ್ಲಿಸಿ, ಇವನು ನಿನಗೆ ಏನು ಹೇಳಿಕೊಟ್ಟ ಎಂದು ನನ್ನನ್ನು ಕೇಳಿದರು. ನಿಜ ಹೇಳಿದರೆ ನನ್ನ ಕಥೆ ಮುಗಿಯಿತು. ನಾನು ತಮಿಳಿನಲ್ಲಿ, ನನಗೆ ಆ ಭಾಷೆಯೇ ಬರುವುದಿಲ್ಲ ಸಾರ್, ಎಂದುಬಿಟ್ಟೆ.

ಮಾಮ ಒಮ್ಮೆ ನನ್ನ ಮುಖ ನೋಡಿದರು. ಆಮೇಲೆ ಅವರೂ ತಮಿಳಿನಲ್ಲೇ, ಹೌದು ಸಾರ್, ನನ್ನಷ್ಟಕ್ಕೆ ಗೊಣಗಿಕೊಂಡದ್ದು, ಎಂದರು.

ಪಾಸಾದೆ. ಅಮ್ಮ ಮಾಡಿದ ಚಿರೋಟಿ ಕಟ್ಟಿಕೊಂಡು ಲ್ಯಾಬಿಗೆ ಹೋದರೆ ಅವರ ಸ್ಟೂಲಿನ ಮೇಲೆ ಬೇರೆ ಯಾರೋ ಕೂತಿದ್ದರು. ಪರೀಕ್ಷೆಯಲ್ಲಿ ಮಾತಾಡಿದರೆಂದು ಅವರನ್ನು ಕೆಲಸದಿಂದ ತೆಗೆದಿದ್ದರಂತೆ, ಈಗ ಪ್ಯಾರೀಸ್ ಕಾರ್ನರಿನ ಮಂಡಿಯೊಂದರಲ್ಲಿ ಮೂಟೆ ಎಣಿಸುತ್ತಿದ್ದಾರಂತೆ... ಒಂದೇ ಬಸ್ಸಿನ ದಾರಿ. ನಾನು ಹೋಗಲಿಲ್ಲ. ಹೋಗಿದ್ದರೆ ಅವರು ಕನ್ನಡದಲ್ಲೇ ಮಾತಾಡಿಸುತ್ತಿದ್ದರು. ಅದೇ ಭಯ.

"ಮುಚ್ಚಳ ಎಲ್ಲುಂಟು ಮಗಾ?" ಎಂದೆ ಮೊಮ್ಮಗಳಿಗೆ. ನಮ್ಮ ಮನೆಯಲ್ಲಿ ಯಾರೂ ಹಾಗೆ ಉಡುಪಿ ಕಡೆಯ ಕನ್ನಡ ಮಾತಾಡುವುದಿಲ್ಲ. ಅವಳು ನಗುತ್ತಾ ತಮಿಳಿನಲ್ಲಿ, ಇದು ಯಾವ ಭಾಷೆ ಅಜ್ಜಿ, ಎಂದಳು.

"ನಂದೇ ಕಣೇ," ಎಂದೆ. ಅದನ್ನು ಕೇಳಬೇಕಾಗಿದ್ದವರು ಅಲ್ಲಿರಲಿಲ್ಲ.