ನಾಗಲಿಂಗದ ಹಣ್ಣು

ಮುಂಬೈನ ಭಾಯಖಳಾದ ರಾಣಿ ಬಾಗ್ ಮೃಗಾಲಯಕ್ಕೆ ಅತ್ತೆಯನ್ನು ಕರೆದುಕೊಂಡು ಹೋದದ್ದು ಪೆಂಗ್ವಿನ್ ತೋರಿಸಲೆಂದು. ಧಾರವಾಡದಿಂದ ಚೆಂಬೂರಿನ ನಮ್ಮ ಮನೆಗೆ ಬಂದು ಆರು ತಿಂಗಳಾದರೂ ಅವರು ತರಕಾರಿ ಮಾರ್ಕೆಟ್ ಬಿಟ್ಟು ಬೇರೇನೂ ನೋಡಿರಲಿಲ್ಲ.

ಪೆಂಗ್ವಿನ್‌ಗಳ ಮುಂದೆ ಎರಡು ನಿಮಿಷ ನಿಂತರು. "ಛಲೋ ಅದಾವ. ಕೋರ್ಟಿಗೆ ಹೊಂಟ ವಕೀಲರಂಗ ಕಾಣ್ತಾವ," ಎಂದು ಹೊರಗೆ ನಡೆದೇಬಿಟ್ಟರು.

ಅವರ ಮನಸ್ಸು ಹೋದದ್ದು ಮರಗಳ ಮೇಲೆ. ಬ್ರಿಟಿಷರ ಕಾಲದ ಆ ತೋಟಕ್ಕೆ ಪ್ರಾಣಿಗಳಿಗಿಂತ ಮೊದಲು ಬಂದವು ಮರಗಳೇ. ಒಂದೊಂದರ ತೊಗಟೆ ಸವರುತ್ತ ಸಾಗಿದ ಅತ್ತೆ, ಕಾಂಡದ ತುಂಬ ಹೂ ಬಿಟ್ಟಿದ್ದ ನಾಗಲಿಂಗದ ಮರ ಕಂಡದ್ದೇ ಕೈಮುಗಿದರು. ಬುಡದಲ್ಲಿ ತೋಪಿನ ಗುಂಡಿನಂಥ ಹಣ್ಣೊಂದು ಉದುರಿತ್ತು. ಅದಕ್ಕೆ ಕೈಹಾಕುವಷ್ಟರಲ್ಲಿ ಎಲೆ ಗುಡಿಸುತ್ತಿದ್ದ ಹೆಂಗಸು ಮರಾಠಿಯಲ್ಲಿ ಕೂಗಿದಳು, "ಆಜೀ, ಹಾತ್ ಲಾವೂ ನಕಾ! ವಾಸ್ ಮಾರತೋ!"

ನಾನು ಉಡುಪಿಯವಳು, ಗಾಬರಿಯಾದರೆ ಊರಿನ ಮಾತೇ ಬಾಯಿಗೆ ಬರುತ್ತದೆ. "ಮುಟ್ಟಬೇಡಿ ಮಾರಾಯ್ರೆ, ಅದು ನಾರ್ತದಂತೆ!"

"ಹೂವ ಇಷ್ಟು ಘಮ್ ಅಂತದ, ಹಣ್ಣು ಹೆಂಗ ನಾರ್ತದ? ಸುಮ್ನಿರು."

ಎರಡೂ ಕೈಯಲ್ಲಿ ಎತ್ತಿದರು. ಭಾರಕ್ಕೆ ಜಾರಿದ ಹಣ್ಣು ಕಟ್ಟೆಗೆ ಬಡಿದು ಇಬ್ಭಾಗವಾಯಿತು. ತಿರುಳು ಸೀರೆಗೆ ಸಿಡಿಯಿತು. ಆಮೇಲೆ ಬಂತು ನೋಡಿ ವಾಸನೆ! ಹಳಸಿದ ಹಿಟ್ಟೂ ಸತ್ತ ಇಲಿಯೂ ಒಟ್ಟಿಗೆ ಸೇರಿದ ಹಾಗೆ. ಪಕ್ಕದಲ್ಲಿ ಚಾದರ ಹಾಸಿ ಊಟಕ್ಕೆ ಕುಳಿತಿದ್ದ ಸಂಸಾರ ಡಬ್ಬಿಗಳ ಸಮೇತ ಓಡಿತು. ಗುಡಿಸುವವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಬಿಟ್ಟ ಕಣ್ಣು ಬಿಟ್ಟಂತೆ ನಿಂತಿದ್ದ ಅತ್ತೆಗೂ ನಗು ತಡೆಯಲಾಗಲಿಲ್ಲ. "ದೇವರ ಮ್ಯಾಲಿನ ಹೂವಿನ ಹೊಟ್ಯಾಗ ಇಂಥಾದ್ದು ಹುಟ್ಟೇದಲ್ಲವಾ!"

ಗುಡಿಸುವವಳೇ ನಲ್ಲಿಗೆ ಕರೆದೊಯ್ದು ಸೆರಗು ತೊಳೆದಳು. ಬಿದ್ದಿದ್ದ ಎರಡು ಹೂ ಆರಿಸಿ ಎಲೆಯಲ್ಲಿಟ್ಟು ಕೊಟ್ಟಳು. ಕಲೆ ಹೋಯಿತು, ವಾಸನೆ ಹೋಗಲಿಲ್ಲ.

ಸಂಜೆಯ ಲೋಕಲ್‌ನ ಲೇಡೀಸ್ ಡಬ್ಬಿ ಕಿಕ್ಕಿರಿದಿತ್ತು. ನಾವು ಹತ್ತಿ ಒಂದು ನಿಮಿಷವಾಗಿರಬೇಕು, ಕಿಟಕಿ ಪಕ್ಕದವಳು ಮೂಗಿಗೆ ದುಪಟ್ಟಾ ಒತ್ತಿಕೊಂಡು ಎದ್ದಳು. ಅವಳ ಹಿಂದೆ ಇನ್ನೊಬ್ಬಳು. ನೋಡನೋಡುತ್ತ ಇಡೀ ಸೀಟು ಖಾಲಿ. ಅತ್ತೆ ಕಾಲು ನೀಡಿ ಕುಳಿತು ಹೂಗಳನ್ನು ಮಡಿಲಲ್ಲಿಟ್ಟುಕೊಂಡರು.

"ಮುಂಬೈ ಮಂದಿ ಸುಮ್ನ ಹೆಸರು ಕೆಡಿಸ್ಕೊಂಡಾರ. ವಯಸ್ಸಾದವರಿಗೆ ಹೆಂಗ ಜಾಗಾ ಬಿಡ್ತಾರ ನೋಡು!"

ನಾನು ತುಟಿ ಕಚ್ಚಿಕೊಂಡು ಪಕ್ಕದಲ್ಲಿ ಕುಳಿತೆ. ಆ ಹೊತ್ತಿನಲ್ಲಿ, ಗಾಡಿ ಬದಲಿಸುವ ಕುರ್ಲಾದವರೆಗೆ ಕುಳಿತು ಹೋದದ್ದು ನನ್ನ ಹನ್ನೆರಡು ವರ್ಷದ ಮುಂಬೈ ಬದುಕಿನಲ್ಲಿ ಅದೇ ಮೊದಲು.