ಬೆಕ್ಕಿನ ಜಾಗದಲ್ಲಿ ಮೊಳೆತ ಕಾಳು

ಮೂರನೆಯ ದಿನ ಬಟ್ಟೆಯ ಗಂಟು ಬಿಚ್ಚಿದಾಗ ಮೂಗು ಮುಚ್ಚಿಕೊಳ್ಳುವಂತಾಯಿತು. ಒಳಗಿದ್ದ ಅಲಸಂದೆ ಕಾಳು ಲೋಳೆಯಾಗಿ, ಅಲ್ಲಲ್ಲಿ ಬೂಷ್ಟು ಹಿಡಿದು ಕೂತಿತ್ತು. ಮೊಳಕೆ ಮಾತ್ರ ಒಂದಕ್ಕೂ ಇಲ್ಲ. ನೆನೆಸಿ ಕಟ್ಟಿದ ಕಾಳು ಮೊಳೆಯದೆ ಹೋದದ್ದನ್ನು ನನ್ನ ನಲವತ್ತೆರಡು ವರ್ಷದಲ್ಲಿ ಕಂಡದ್ದು ಅದೇ ಮೊದಲು. ನಮ್ಮ ಸಿಂದಗಿ ಕಡೆ ಸಂಜೆ ಗಂಟು ಕಟ್ಟಿ ಕಿಟಕಿಗೆ ನೇತುಹಾಕಿದರೆ ಬೆಳಗಾಗುವಷ್ಟರಲ್ಲಿ ಬಾಲ ಬಂದಿರುತ್ತದೆ. ಅದಕ್ಕೆ ಯಾರೂ ಜಾಣರಾಗಬೇಕಿಲ್ಲ. ಕೋಣಂದೂರಿನ ಬಾಡಿಗೆ ಮನೆಯ ಕಿಟಕಿಗೂ ನಾನು ಅದೇ ನಂಬಿಕೆಯಿಂದ ಕಟ್ಟಿದ್ದೆ.

ಜೂನ್‌ನಲ್ಲಿ ನನಗೆ ಇಲ್ಲಿಯ ಹೈಸ್ಕೂಲಿಗೆ ಗಣಿತದ ಮೇಷ್ಟ್ರಾಗಿ ವರ್ಗವಾಯಿತು. ‘ಮಲೆನಾಡಿಗೆ ಹೋದೆಯಲ್ಲ, ಪುಣ್ಯವಂತ’ ಎಂದು ಊರಿನ ಗೆಳೆಯರಾದ ನೀವೆಲ್ಲ ಫೋನಿನಲ್ಲಿ ಹೇಳುತ್ತಲೇ ಇದ್ದೀರಿ. ನೀವು ಕವಲೇದುರ್ಗ, ಆಗುಂಬೆ ನೋಡಿಕೊಂಡು ಎರಡು ದಿನಕ್ಕೆ ವಾಪಸು ಹೋಗುವವರು. ಈ ಮಳೆಯಲ್ಲಿ ಬನಿಯನ್ ಒಣಗಿಸಬೇಕಾದವನು ನಾನು.

ನನ್ನ ಜೊತೆ ಅವ್ವ ಬಂದಿದ್ದಳು. ಅಪ್ಪ ಇಲ್ಲ, ನಾನು ಮದುವೆಯ ಉಸಾಬರಿಗೆ ಹೋಗಿಲ್ಲ, ಮನೆಯೆಂದರೆ ನಾವಿಬ್ಬರೇ. ಬಂದ ತಿಂಗಳಲ್ಲೇ ಅವ್ವನ ಉಳಿದಿದ್ದ ಹಲ್ಲುಗಳನ್ನೆಲ್ಲ ಕೀಳಿಸಬೇಕಾಯಿತು. ಕಟ್ಟಿಸಿದ ಹಲ್ಲು ಒಸಡಿಗೆ ಒತ್ತುತ್ತದೆಂದು ಅದನ್ನು ಡಬ್ಬಿಯಲ್ಲಿಟ್ಟಳು. ರೊಟ್ಟಿ ಅಗಿಯಲಾಗದು, ಕಾಳಿನ ಪಲ್ಯ ಅಗಿಯಲಾಗದು. ಇಲ್ಲಿಯ ಮೆತ್ತಗಿನ ಅಕ್ಕಿ ಕಡುಬನ್ನು ಕಂಡರೆ ‘ಜಡ್ಡಿನವರ ಊಟ’ ಎಂದು ತಟ್ಟೆ ಸರಿಸುತ್ತಿದ್ದಳು. ಬರೀ ಗಂಜಿ ಕುಡಿದು ಕುಡಿದು ಬಳೆ ಮೊಣಕೈಗೆ ಜಾರುವಷ್ಟು ಬಡವಾದಳು. ತೀರ್ಥಹಳ್ಳಿಯ ಡಾಕ್ಟರು, “ಪ್ರೊಟೀನ್ ಕಮ್ಮಿಯಾಗಿದೆ, ಕಾಳು ತಿನ್ಸಿ” ಎಂದರು.

“ಹಲ್ಲಿದ್ದಾಗ ಕಡಲಿ ಇರಲಿಲ್ಲ, ಕಡಲಿ ಬಂದಾಗ ಹಲ್ಲಿಲ್ಲ” ಎಂದಳು ಅವ್ವ, ಆಸ್ಪತ್ರೆಯಿಂದ ಮನೆಗೆ ಬರುವ ಬಸ್ಸು ಹತ್ತುತ್ತ. “ಪಂಚಮಿಗೆ ನನ್ನ ತಮ್ಮನ ಮನಿಗೆ ಮುಟ್ಟಿಸಿಬಿಡು. ಹೊಳ್ಳಿ ಬರಾಂಗಿಲ್ಲ ನಾ. ಈ ಊರಾಗ ಬಿಸಲೂ ಇಲ್ಲ, ಮಾತಾಡಾಕ ಮಂದೀನೂ ಇಲ್ಲ.”

ನನಗೆ ಹೆದರಿಕೆಯಾಯಿತು. ಅವ್ವ ಹೋದರೆ ಈ ಊರಿನಲ್ಲಿ ನನ್ನ ಭಾಷೆಯಲ್ಲಿ ನನ್ನನ್ನು ಬೈಯುವವರೇ ಇರುವುದಿಲ್ಲ. ಪಂಚಮಿಗೆ ಇನ್ನು ಒಂದೂವರೆ ತಿಂಗಳಿತ್ತು.

ನಮ್ಮ ಶಾಲೆಯ ಡ್ರಿಲ್ ಮೇಷ್ಟ್ರಿಗೆ ಮೈ ಬೆಳೆಸುವ ಹುಚ್ಚು. ನನ್ನ ಕಷ್ಟ ಕೇಳಿ ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದರು. ಅದರ ಹೆಸರು ‘ಹೈ ಪ್ರೊಟೀನ್ ಬೀನ್ ಡಿಪ್’. ಬೇಯಿಸಿದ ಕಾಳನ್ನು ಬೆಳ್ಳುಳ್ಳಿ, ಎಳ್ಳು, ಹುಳಿ, ಎಣ್ಣೆ ಹಾಕಿ ಬೆಣ್ಣೆಯ ಹಾಗೆ ರುಬ್ಬುವುದು. ಸಂಜೆ ಬೋಂಡಾ ಬಜ್ಜಿಯ ಬದಲು ಸೌತೆಕಾಯಿ, ಗಜ್ಜರಿ ಅದ್ದಿಕೊಂಡು ತಿನ್ನುವುದು.

“ಅಂದ್ರ ಕಾಳಿನ ಚಟ್ನಿ ಹೌದಲ್ರಿ?” ಎಂದೆ.

“ಚಟ್ನಿ ಅಂತ ಹೆಸರಿಟ್ರೆ ಯಾರು ನೋಡ್ತಾರೆ ಸಾರ್?” ಎಂದರು ಅವರು.

ಅಗಿಯುವ ಕೆಲಸವೇ ಇಲ್ಲದ ಕಾಳು! ಮೊಳಕೆ ಬರಿಸಿದರೆ ಅವ್ವನ ಹೊಟ್ಟೆಗೂ ಹಗುರ ಎಂದುಕೊಂಡು ನೆನೆಹಾಕಿದೆ. ಆಮೇಲೆ ಆದದ್ದನ್ನು ಹೇಳಿದೆನಲ್ಲ.

ಆ ಲೋಳೆಯನ್ನು ಹಿತ್ತಲಿನಲ್ಲಿ ಹೂಳುತ್ತಿದ್ದಾಗ ಪಕ್ಕದ ಮನೆಯ ಸುಮಿತ್ರಮ್ಮ ಬೇಲಿಯಾಚೆಯಿಂದ ಇಣುಕಿದರು. ಐವತ್ತು ದಾಟಿದ ಗದ್ದೆ ಕೆಲಸದ ಹೆಂಗಸು. ಅಲ್ಲಿಯವರೆಗೆ ನಮ್ಮ ನಡುವೆ ಇದ್ದದ್ದು ಬರೀ ನಗುವಿನ ಪರಿಚಯ.

“ಎಂತ ವಾಸನೆ ಮಾರಾಯ್ರೆ ಅದು? ಎಂತ ಹೂಳ್ತಿದೀರಿ?”

ಹೇಳಿದೆ. ಸೆರಗು ಬಾಯಿಗೆ ಹಿಡಿದು ನಕ್ಕರು.

“ಕಿಟಕಿಗೆ ಕಟ್ಟಿದ್ರಾ! ಈ ಥಂಡೀಲಿ ನಾವೇ ಕಂಬಳಿ ಹೊದ್ಕೊಂಡು ಮಲಗ್ತೀವಿ, ಕಾಳಿಗೆ ಬೇಡ್ವಾ ಮೇಷ್ಟ್ರೆ? ಇನ್ನೊಂದ್ಸಲ ನೆನೆಹಾಕಿ ನಂಗೆ ಕೊಡಿ.”

ನಮ್ಮ ಬಾಡಿಗೆ ಮನೆಯಂಥ ಒಂದೆರಡನ್ನು ಬಿಟ್ಟರೆ ಇಲ್ಲಿ ಮನೆಮನೆಗೂ ಬಚ್ಚಲೊಲೆ ಎಂದಿರುತ್ತದೆ: ಸ್ನಾನದ ಹಂಡೆಯ ಕೆಳಗಿನ ಸೌದೆ ಒಲೆ. ನಮ್ಮ ಕಡೆ ನೀರು ಕಾದ ಮೇಲೆ ಒಲೆಯ ಕೆಲಸ ಮುಗಿಯಿತು. ಇಲ್ಲಿ ಮಳೆಗಾಲ ಪೂರ್ತಿ ಅದರ ಕೆಂಡ ಆರುವುದೇ ಇಲ್ಲ. ಅದರ ಮೇಲೆ ಹಗ್ಗದಲ್ಲಿ ಬಟ್ಟೆ, ಸುತ್ತ ಕೊಡೆ, ಬದಿಯ ಕಟ್ಟೆಯ ಮೇಲೆ ಬೆಕ್ಕು. ಸುಮಿತ್ರಮ್ಮ ಬೆಕ್ಕನ್ನು ಎಬ್ಬಿಸಿ ಆ ಬೆಚ್ಚನೆಯ ಜಾಗದಲ್ಲಿ ನನ್ನ ಗಂಟು ಇಟ್ಟರು. ಬೆಕ್ಕು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಎರಡನೆಯ ಬೆಳಗ್ಗೆ ಗಂಟು ವಾಪಸು ಬಂದಾಗ ಮೊಳಕೆಗಳು ಬಟ್ಟೆಯನ್ನು ತೂರಿಕೊಂಡು ಹೊರಗೆ ಬಂದಿದ್ದವು.

ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿ, ಆರಿಸಿ, ಬೆಳ್ಳುಳ್ಳಿ ಜೀರಿಗೆ ಜೊತೆ ರುಬ್ಬಿದೆ. ವಿಡಿಯೋದವರ ಎಳ್ಳಿನ ಬದಲು ಊರಿನಿಂದ ತಂದಿದ್ದ ಶೇಂಗಾ ಪುಡಿ. ಲಿಂಬೆ ಇರಲಿಲ್ಲ, ಸುಮಿತ್ರಮ್ಮ ಸಾಗರದ ಅಕ್ಕನ ಮನೆಯಿಂದ ಬಂದ ವಾಟೆಹುಳಿ ಕೊಟ್ಟರು. ಅದು ಕಾಡಿನ ಕಾಯೊಂದನ್ನು ಹೆಚ್ಚಿ ಒಣಗಿಸಿದ ಹುಳಿ, ಹುಣಸೆಗಿಂತ ಮೃದು. ಮೇಲೊಂದು ಚಮಚ ಶೇಂಗಾ ಎಣ್ಣೆ ಬಿಟ್ಟು ಅವ್ವನ ಮುಂದಿಟ್ಟೆ.

ಬೆರಳಿನಿಂದ ನೆಕ್ಕಿದಳು. “ಗ್ವಾಡಿಗೆ ಮೆತ್ತೂ ಮಣ್ಣ ಇದ್ದಂಗ ಐತಿ. ಖಾರ ಎಲ್ಲೈತೊ?”

ಬಟ್ಟಲನ್ನು ತಾನೇ ಎಳೆದುಕೊಂಡು ಕೆಂಪು ಖಾರ, ಉಪ್ಪು, ಇನ್ನಷ್ಟು ಹುಳಿ ಹಾಕಿ ಕಲಸಿದಳು. ಚಮಚದಿಂದ ತಿಂದಳು. ಬೇಡವೆಂದು ಸರಿಸಿದ್ದ ಕಡುಬನ್ನು ಮುರಿದು ಅದರಲ್ಲಿ ಅದ್ದಿ ತಿಂದಳು. ಕೊನೆಗೆ ಬಟ್ಟಲನ್ನು ಬೆರಳಿನಿಂದ ಬಳಿದಳು. ತಿಂಗಳೊಪ್ಪತ್ತಿನ ಮೇಲೆ ಅವ್ವ ಹೊಟ್ಟೆ ತುಂಬ ತಿಂದದ್ದು ನೋಡಿ ನನಗೆ ಅಳು ಬಂತು. ಬೆಳ್ಳುಳ್ಳಿಯ ಘಾಟು ಎಂದು ಸುಳ್ಳು ಹೇಳಿದೆ.

ಅಂದಿನಿಂದ ಗಂಟು ಒಯ್ಯುವ ಕೆಲಸವನ್ನು ಅವ್ವ ವಹಿಸಿಕೊಂಡಳು. ಒಯ್ದವಳು ತಕ್ಷಣ ಬರುವುದಿಲ್ಲ. ಒಲೆಯ ಮುಂದೆ ಮಣೆ ಹಾಕಿಕೊಂಡು ಇಬ್ಬರ ಮಾತು. ಇವಳ ‘ಹೌದಲ್ಲೇನ್ರವ್ವ’ಗೆ ಅವರ ‘ಹೌದು ಮಾರಾಯ್ರೆ’. ಅವರ ಮನೆಯವರು ನಮ್ಮ ಡಿಪ್‌ಗೆ ಹಲಸಿನ ಹಪ್ಪಳ ಅದ್ದಿ ತಿಂದು ‘ಮೇಷ್ಟ್ರ ಚಟ್ನಿ’ ಎಂದು ಹೆಸರಿಟ್ಟರು. ಸಂಜೆಯ ಬಜ್ಜಿ ತಪ್ಪಿ ನನ್ನ ಹೊಟ್ಟೆಯೂ ಒಂದಿಷ್ಟು ಕರಗಿತು. ಅವ್ವನ ಬಳೆ ಮಣಿಕಟ್ಟಿನಲ್ಲಿ ನಿಂತಿತು.

ಆದರೂ ಪಂಚಮಿ ಹತ್ತಿರವಾದಾಗ ಅವ್ವ ಟ್ರಂಕು ತೆಗೆದಳು. ‘ಹೊಳ್ಳಿ ಬರಾಂಗಿಲ್ಲ’ ಎಂದ ಮಾತನ್ನು ಅವಳೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ನಾನೂ ಕೇಳಲಿಲ್ಲ. ಕೇಳುವ ಧೈರ್ಯವಿರಲಿಲ್ಲ. ಸುಮಿತ್ರಮ್ಮ ಒಂದು ಪೊಟ್ಟಣ ವಾಟೆಹುಳಿ ಕಟ್ಟಿಕೊಟ್ಟರು. ಅವ್ವನನ್ನು ಸಿಂದಗಿ ಕಡೆಯ ಮಾವನ ಮನೆಗೆ ಬಿಟ್ಟು ಮರುದಿನವೇ ಒಬ್ಬನೇ ಬಂದೆ.

ಅಲ್ಲಿ ಒಣ ಗಾಳಿಯಲ್ಲಿ ನಿಂತಾಗ ಮೈ ಹಗುರಾಗಿತ್ತು, ನಿಜ. ಆದರೆ ಸಂಜೆ ಯಾರ ಮನೆಯಲ್ಲೂ ಹೊಗೆ ಏಳದ್ದನ್ನು ಕಂಡು ಏನೋ ಮರೆತು ಬಂದವನಂತೆ ಇದ್ದೆ. ಇಲ್ಲಿಗೆ ಬಂದರೆ ಜೋಳದ ರೊಟ್ಟಿಯ ಸದ್ದಿಲ್ಲ. ‘ಹೊಂದಿಕೊಂಡೆಯಾ?’ ಎಂದು ನೀವು ಕೇಳುತ್ತೀರಿ. ಎಲ್ಲಿಗೆ ಎಂದು ನಾನು ಕೇಳಬೇಕಾಗಿದೆ.

ಐದನೆಯ ದಿನ ಅವ್ವನ ಫೋನು ಬಂತು.

“ಕಾಳ ಕಟ್ಟಿದ್ದೆ. ಬೆಳಗಾಗೂದ್ರಾಗ ಮೊಳಕಿ ಬಂದಾವು.”

“ಚಲೋ ಆತಲ್ಲವ್ವ.”

“ಏನ್ ಚಲೋ? ಯಾರ ಮನಿಗೆ ಒಯ್ಯೂದಿಲ್ಲ, ಯಾರ ಮುಂದ ಕುಂದ್ರೂದಿಲ್ಲ. ಜ್ವಾಳದ ಹಿಟ್ಟ ಹತ್ತ್ ಕಿಲೋ ಬೀಸಿಸೀನಿ, ನಿನಗ ರೊಟ್ಟಿ, ನನಗ ಅಂಬಲಿ. ನಿಮ್ಮೂರ ಅಕ್ಕಿ ನಂಗ ಸೇರೂದಿಲ್ಲ, ಮೊದಲ ಹೇಳ್ತೀನಿ. ಆ ಬೆಕ್ಕ ಹೊಳ್ಳಿ ಅಲ್ಲೇ ಮಲಗಾಕ ಹತ್ತೈತೇನು?”

“ಹೂಂ.”

“ಎಬ್ಬಿಸ್ರಿ ಅಂತ ಸುಮಿತ್ರವ್ವಗ ಹೇಳು. ಐತಾರ ಬರ್ತೀನಿ.”