ಗುಳೆ ಹೋದ ಜರ್ದಾಳು ತೋಟ

ನಮ್ಮ ದೊಡ್ಡವ್ವನ ಹೆಸರು ಬುರ್ಮಾಕಾನ್. ಬಯಲಿನವಳು, ಭತ್ತದ ಗದ್ದೆಗಳ ನಡುವೆ ಹುಟ್ಟಿದವಳು. ಅವಳ ತವರಿನಲ್ಲಿ ನೆಲ ಎಷ್ಟು ಸಪಾಟೆಂದರೆ, ಪಕ್ಕದ ಮನೆಯವರು ಏನು ಮಾಡುತ್ತಿದ್ದಾರೆಂದು ನೋಡಬೇಕಾದರೆ ಮಾಡು ಹತ್ತಬೇಕಂತೆ. ದೊಡ್ಡಪ್ಪ ಕಾದಿರ್‌ನನ್ನು ಮದುವೆಯಾಗಿ ಅವಳು ನಮ್ಮ ಕೋಕ್-ಜಾರ್ ಹಳ್ಳಿಗೆ ಬರುವ ದಿನ ಗುಡ್ಡ ಜಾರಿ ದಾರಿ ಮುಚ್ಚಿತ್ತು. ಮದುಮಗಳು ಲಾರಿಯಿಂದಿಳಿದು, ರೇಷ್ಮೆಯ ಅಂಗಿಯನ್ನು ಮೊಣಕಾಲಿನವರೆಗೆ ಎತ್ತಿಕೊಂಡು, ಕೆಸರಿನಲ್ಲಿ ನಡೆದು ಗಂಡನ ಮನೆ ಸೇರಿದಳು. ಮಾರನೆಯ ಬೆಳಗ್ಗೆ ಚಹಾ ಬಡಿಸುವಾಗ ಅತ್ತೆಯನ್ನು, ಅಂದರೆ ನಮ್ಮ ಅಜ್ಜಿಯನ್ನು, ಕೇಳಿದಳಂತೆ:

"ಅತ್ತೆ, ಈ ಊರಲ್ಲಿ ನಿಂತ ಜಾಗದಲ್ಲಿ ನಿಲ್ಲೋದು ಯಾವುದು?"

"ಕೆಂಪು ಮಣ್ಣು ನಿಲ್ಲುತ್ತೆ. ಹಳದಿ ಮಣ್ಣು ಹೋಗುತ್ತೆ."

"ನಮ್ಮನೆ ಯಾವುದರ ಮೇಲಿದೆ?"

"ಹಳದಿ ಮೇಲೆ. ಚಾ ಕುಡಿ, ಆರಿ ಹೋಗುತ್ತೆ."

ಅಜ್ಜಿ ಹೇಳಿದ್ದು ಸರಿಯಾಗಿಯೇ ಇತ್ತು. ನಮ್ಮ ಬೆನ್ನಿಗಿರುವ ಹಿಮದ ಬೆಟ್ಟಗಳಿಂದ ನಮಗೆ ತೊಂದರೆಯಿಲ್ಲ. ಅವು ದೂರದಲ್ಲಿ ಬೆಳ್ಳಗೆ ನಿಂತಿರುತ್ತವೆ, ಪೇಟೆಯವರು ಬಂದು ಫೋಟೋ ತೆಗೆದುಕೊಂಡು ಹೋಗುತ್ತಾರೆ. ಪೇಚಾಟವೆಲ್ಲ ಅವುಗಳ ಕಾಲಬುಡದ ಈ ಗಿಡ್ಡ ಗುಡ್ಡಗಳದ್ದು. ಇವು ಬೆಟ್ಟದ ಉಳಿಕೆಗಳು. ಹೊಳೆ ಬೆಟ್ಟವನ್ನು ಒಡೆದು ಉರುಳಿಸಿ ತಂದ ಗುಂಡುಕಲ್ಲು ಒಂದಿಷ್ಟು, ಅದಕ್ಕೂ ಹಳೆಯ ಕೆಂಪು ಜೇಡಿ ಒಂದಿಷ್ಟು, ಎಲ್ಲದರ ಮೇಲೆ ಗಾಳಿ ಹೊತ್ತು ತಂದು ಸುರಿದ ಹಳದಿ ಮಣ್ಣು, ಗೋಧಿಹಿಟ್ಟಿನಷ್ಟು ನುಣುಪು. ಬೇಸಿಗೆಯಲ್ಲಿ ಹಳದಿ ಮಣ್ಣು ಗೋಡೆಯ ಹಾಗೆ ನೆಟ್ಟಗೆ ನಿಲ್ಲುತ್ತದೆ. ಹಿಮ ಕರಗುವ ಕಾಲಕ್ಕೆ ನೀರು ಕುಡಿದು ಕುಡಿದು ಭಾರವಾಗುತ್ತದೆ. ಕೆಳಗಿನ ಕೆಂಪು ಜೇಡಿ ನೀರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಅದರ ಮೈ ಸೋಪಿನ ಹಾಗೆ ನುಣ್ಣಗಾಗಿ ಮೇಲಿನ ಹಳದಿ ಮಣ್ಣು ಜಾರತೊಡಗುತ್ತದೆ. ಆಮೇಲೆ ಆಗುವುದು ಆಗುತ್ತದೆ. ನಮ್ಮ ಮಾತಿನಲ್ಲಿ ಗುಡ್ಡ ಕುಸಿಯಿತು ಎನ್ನುವುದಿಲ್ಲ. ಕುರಿ ಮಂದೆ ಹೊಡೆದುಕೊಂಡು ಗುಡಾರ ಕಿತ್ತು ಹೊರಡುವುದಕ್ಕೆ ಯಾವ ಮಾತೋ ಇದಕ್ಕೂ ಅದೇ ಮಾತು. ಗುಡ್ಡ ಗುಳೆ ಹೋಯಿತು ಎನ್ನುತ್ತೇವೆ.

ದೊಡ್ಡವ್ವ ಆ ಹಳದಿ ಮಣ್ಣಿನಲ್ಲೇ ಬದುಕು ಕಟ್ಟಿಕೊಂಡಳು. ರೊಟ್ಟಿ ಸುಡುವ ತಂದೂರಿ ಒಲೆ ಮಾಡುವುದನ್ನು ಅಜ್ಜಿಯಿಂದ ಕಲಿತಳು. ಮಣ್ಣಿಗೆ ಕುರಿಯ ಉಣ್ಣೆ ಕತ್ತರಿಸಿ ಹಾಕಿ, ಬರಿಗಾಲಲ್ಲಿ ತುಳಿದು, ಸುತ್ತು ಸುತ್ತಾಗಿ ಏರಿಸಿ, ನೆರಳಲ್ಲಿ ಒಣಗಿಸಬೇಕು. ಅವಳ ಒಲೆ ಬಿರುಕು ಬಿಡುವುದಿಲ್ಲವೆಂದು ಬಯಲಿನವರೆಗೂ ಹೆಸರಿತ್ತು. ಮಕ್ಕಳಾಗಲಿಲ್ಲ. ನಾನು ಅವಳ ಮೈದುನನ ಮಗ, ಎರ್ನಿಸ್. ಊರಿನ ಟ್ರ್ಯಾಕ್ಟರುಗಳನ್ನು ರಿಪೇರಿ ಮಾಡುವವನು. ಅಣ್ಣತಮ್ಮಂದಿರಿಬ್ಬರೂ, ಅಂದರೆ ದೊಡ್ಡಪ್ಪನೂ ನನ್ನ ಅಪ್ಪನೂ, ಬೇಗ ತೀರಿಕೊಂಡರು. ಉಳಿದವರು ಓರಗಿತ್ತಿಯರು. ದೊಡ್ಡವ್ವನ ಮನೆ, ಅದರ ಕೆಳಗೆ ಅವಳ ಜರ್ದಾಳು, ಅಂದರೆ ಏಪ್ರಿಕಾಟ್ ಹಣ್ಣಿನ, ತೋಟ, ತೋಟದ ಕೆಳಗೆ ನನ್ನ ಅವ್ವ ಅನಾರ್ಕುಲ್‌ಳ ಕುದುರೆ ಮೆಂತೆಯ ಮೇವಿನ ಹೊಲ, ಅದರ ಕೆಳಗೆ ಹೊಳೆಯ ಹಳೆಯ ಗುಂಡುಕಲ್ಲಿನ ದಿಬ್ಬದ ಮೇಲೆ ನಮ್ಮ ಮನೆ.

ಇಬ್ಬರೂ ಮಾತು ಬಿಟ್ಟದ್ದು ಅಜ್ಜಿಯ ಸಾವಿನಲ್ಲಿ. ನಮ್ಮಲ್ಲಿ ಸತ್ತವರನ್ನು ಮಲಗಿಸಿದ ಗುಡಾರದಲ್ಲಿ ಹೆಂಗಸರು ಕೂತು, ಹೋದವರ ಗುಣ ಹೇಳಿ ಹಾಡಿ ಅಳಬೇಕು. ದೊಡ್ಡವ್ವ ಚೆನ್ನಾಗಿಯೇ ಅತ್ತಳು. ಆದರೆ ಆ ಹಾಡಿನಲ್ಲಿ ಅಜ್ಜಿ ಮಾಡಿದ್ದಕ್ಕಿಂತ ಅಜ್ಜಿಗೆ ದೊಡ್ಡವ್ವ ಮಾಡಿದ್ದೇ ಹೆಚ್ಚು ಬಂತು. ಯಾರು ಮೊಸರು ಕಲಸಿ ಕೊಟ್ಟರು, ಯಾರು ಕಾಲೊತ್ತಿದರು ಎಂದೆಲ್ಲ. ಅವ್ವ ಪಕ್ಕದವರ ಕಿವಿಯಲ್ಲಿ, "ಸತ್ತವರು ಯಾರು ಅಂತ ಒಂಚೂರು ಕೇಳಿ ಹೇಳ್ತೀರಾ?" ಎಂದಳು. ಅವ್ವನ ಪಿಸುಮಾತು ಅಂಗಳದಾಚೆಗೂ ಕೇಳುತ್ತದೆ. ಅಂದಿನಿಂದ ಒಂಬತ್ತು ವರ್ಷ ಇಬ್ಬರ ನಡುವೆ ಇದ್ದ ದಾರಿಯೆಂದರೆ ನಾನು. ಉಪ್ಪು, ಕೆನೆ, ಬೈಗುಳ ಎಲ್ಲವನ್ನೂ ನಾನೇ ಹೊರಬೇಕಾಯಿತು.

ಒಂಬತ್ತನೆಯ ವರ್ಷ ಹಿಮ ವಿಪರೀತ ಬಿತ್ತು. ಅದರ ಬೆನ್ನಿಗೇ ಮಳೆ. ದೊಡ್ಡವ್ವನ ಮನೆಯ ಹಿಂದೆ ಹುಲ್ಲಿನಲ್ಲಿ ಒಂದು ಬಿರುಕು ಬಾಯಿ ಬಿಟ್ಟಿತು. ಜಿಲ್ಲೆಯಿಂದ ಅಯ್‌ಪೆರಿ ಎಂಬ ಭೂವಿಜ್ಞಾನದ ಹುಡುಗಿ ಬಂದಳು. ಬಿರುಕಿನ ಆಚೆಗೊಂದು ಈಚೆಗೊಂದು ಕಬ್ಬಿಣದ ಗೂಟ ಹೊಡೆದು, ನಡುವಿನ ಅಂತರ ಅಳೆದು, ಮುಟ್ಟಬೇಡಿ ಎಂದು ಹೇಳಿ ಹೋದಳು. ಮತ್ತೆ ಬಂದಾಗ ಒಂದು ಗೂಟಕ್ಕೆ ದೊಡ್ಡವ್ವನ ಹಸು ಕಟ್ಟಿತ್ತು. ಗೂಟ ವಾಲಿತ್ತು.

"ಅಮ್ಮಾ, ಇದನ್ನ ಎಳೆದಿದ್ದು ಗುಡ್ಡಾನೋ ಹಸುವೋ? ನಾನೀಗ ಹೇಗೆ ತಿಳ್ಕೊಳ್ಳಲಿ?"

"ಹಸುವಿಗೆ ಅಷ್ಟು ಕಸುವಿಲ್ಲ ಮಗಳೇ. ಈ ಸಲ ಮೇವೇ ಸಾಲಲಿಲ್ಲ."

ಅಯ್‌ಪೆರಿ ಬಿರುಕಿನ ಉದ್ದಕ್ಕೂ ನಡೆದು ನೋಡಿ, ಮೇಲಿನ ಕೇರಿಯವರೆಲ್ಲ ಮನೆ ಬಿಡಬೇಕು, ಸರ್ಕಾರ ಬಯಲಿನಲ್ಲಿ ಜಾಗ ಕೊಡುತ್ತದೆ ಎಂದಳು. ಉಳಿದವರು ಗೊಣಗಿಕೊಂಡು ಗಂಟು ಕಟ್ಟತೊಡಗಿದರು. ದೊಡ್ಡವ್ವ ಮಾತ್ರ, "ಬಯಲು ನಾನು ನೋಡದ್ದಾ? ಅಲ್ಲಿಂದಲೇ ಬಂದವಳು ನಾನು. ಅಲ್ಲಿ ನೋಡೋಕೆ ಏನೂ ಇಲ್ಲ" ಎಂದು ಒಲೆಯ ಮಣ್ಣು ತುಳಿಯಲು ಹೋದಳು.

ಗುಡ್ಡ ಗುಳೆ ಹೋದದ್ದು ಜರ್ದಾಳು ಹೂ ಬಿಟ್ಟಿದ್ದ ಒಂದು ಬೆಳಗ್ಗೆ. ದೊಡ್ಡವ್ವ ತೋಟದ ಕೊಟ್ಟಿಗೆಯ ಮುಂದೆ ಹಾಲು ಕರೆಯುತ್ತ ಕೂತಿದ್ದಳು. ಮೊದಲು ಹಸು ಕಿವಿ ನಿಮಿರಿಸಿತು. ಆಮೇಲೆ ಮನೆ ಮೇಲಕ್ಕೆ ಹೋದ ಹಾಗೆ ಕಂಡಿತು. ಮನೆ ಅಲ್ಲೇ ಇತ್ತು, ಕೆಳಕ್ಕೆ ಹೊರಟದ್ದು ಇವಳು. ತೋಟ ಒಡೆಯದೆ, ಮಗುಚದೆ, ಮರಗಳನ್ನೂ ಕೊಟ್ಟಿಗೆಯನ್ನೂ ಹೊತ್ತುಕೊಂಡು ಮುದಿ ಒಂಟೆಯ ಹಾಗೆ ನಿಧಾನ ಇಳಿಯಿತು. ನಾನು ಅಂಗಳದಲ್ಲಿ ನಿಂತು ನೋಡಿದೆ. ಓಡಬೇಕೆಂದು ಗೊತ್ತಿತ್ತು, ಎತ್ತ ಓಡಬೇಕೆಂದು ಗೊತ್ತಾಗಲಿಲ್ಲ. ಹೂ ಬಿಟ್ಟ ಮರಗಳ ಸಾಲು ಅವ್ವನ ಕುದುರೆ ಮೆಂತೆಯ ಮೇಲೆ ಬಂದು, ಎರಡು ಸಲ ಜಗ್ಗಿ, ನಿಂತಿತು. ನಡುವೆ ದೊಡ್ಡವ್ವ, ಮುಕ್ಕಾಲಿಯ ಮೇಲೆ, ಹಸುವಿನ ಕಾಲನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಕೂತಿದ್ದಳು. ಅರ್ಧ ಬಕೆಟ್ ಹಾಲು ಚೆಲ್ಲಿತ್ತು.

ಅವ್ವ ಲಟ್ಟಣಿಗೆ ಹಿಡಿದುಕೊಂಡೇ ಹೊರಗೆ ಬಂದಳು. ಒಂಬತ್ತು ವರ್ಷಗಳ ಮೇಲೆ ಮೊದಲ ಮಾತು ಆಡಿದಳು.

"ಯಾರನ್ನ ಕೇಳಿ ಬಂದೆ?"

"ಗುಡ್ಡಾನ ಕೇಳು" ಎಂದಳು ದೊಡ್ಡವ್ವ. ಹಲ್ಲು ಕಟಕಟ ಎನ್ನುತ್ತಿತ್ತು.

ನಾನು ಹೋಗಿ ಅವಳನ್ನು ಎತ್ತಿ ನಿಲ್ಲಿಸಿದೆ. ಅವ್ವ ಒಳಗಿನಿಂದ ಬಿಸಿ ಚಹಾ ಕಳಿಸಿದಳು, ತಾನು ಬರಲಿಲ್ಲ. ದೊಡ್ಡವ್ವ ಕುಡಿದು, ಬಟ್ಟಲು ನನ್ನ ಕೈಗಿತ್ತು, ಹಸುವನ್ನು ಹೊಡೆದುಕೊಂಡು ಬಳಸುದಾರಿಯಲ್ಲಿ ಮೇಲಿನ ಮನೆಗೆ ನಡೆದಳು. ತೋಟ ಜಾರಿಹೋದ ಕಡಿದಾದ ಅಂಚಿನ ಮೇಲೆ ಮನೆ ಈಗ ನಿಂತಿತ್ತು.

ತಂಟೆ ಶುರುವಾದದ್ದು ಮರುದಿನ. ಮರಗಳು ದೊಡ್ಡವ್ವನವು, ಹೊಲ ಅವ್ವನದು. ನ್ಯಾಯ ಊರ ಹಿರಿಯರ ಮುಂದೆ ಹೋಯಿತು. ಹಿರಿಯರಲ್ಲಿ ಹಿರಿಯ ಓಸ್ಮೋನಾಲಿ ಅಜ್ಜ ಬಿಳಿ ಟೊಪ್ಪಿಗೆ ಸರಿ ಮಾಡಿಕೊಂಡು ತೋಟವನ್ನು ಒಂದು ಸುತ್ತು ಹಾಕಿ ಬಂದ.

"ನನ್ನ ಮರ ಅಷ್ಟೇ ಅಲ್ಲ ಅಜ್ಜ, ಮಣ್ಣೂ ನಂದೇ. ನನ್ನ ಮಣ್ಣಿನ ಮೇಲೇ ನನ್ನ ಮರ ನಿಂತಿರೋದು" ಎಂದಳು ದೊಡ್ಡವ್ವ.

"ಹಾಗಾದ್ರೆ ನನ್ನ ಮೆಂತೆ ಎಲ್ಲಿ ಹೋಯ್ತು? ಇವಳೇನು ನುಂಗಿದ್ಲಾ?" ಎಂದಳು ಅವ್ವ.

ಅಜ್ಜ ತುಂಬ ಹೊತ್ತು ಗಡ್ಡ ನೀವಿಕೊಂಡ. "ಮೇಲಿರೋದು ಬುರ್ಮಾಕಾನ್‌ದು. ಕೆಳಗಿರೋದು ಅನಾರ್ಕುಲ್‌ದು. ಅನಾರ್ಕುಲ್‌ಗೆ ತನ್ನ ಹೊಲ ಬೇಕು ಅಂದ್ರೆ ಅಗೆದುಕೊಳ್ಳಲಿ, ಯಾರೂ ಬೇಡ ಅನ್ನಲ್ಲ" ಎಂದು ತೀರ್ಪು ಕೊಟ್ಟು ಚಹಾಕ್ಕೆ ಕೂತ. ಎಲ್ಲರೂ ನಕ್ಕರು. ಅವ್ವ ನಗಲಿಲ್ಲ. ಮರುದಿನ ಬೆಳಗ್ಗೆ ಸಲಿಕೆ ತೆಗೆದುಕೊಂಡು ಅಗೆಯಲು ಹೋದಳು.

ಒಂದು ವಾರ ಅಗೆದಳು. ಮಣ್ಣಿನ ದಿಣ್ಣೆಯ ಬುಡದಿಂದ ಶುರು ಮಾಡಿ, ತಳ್ಳುಗಾಡಿ ತುಂಬಿ ಹೊಳೆಗೆ ಸುರಿದಳು. ನಾನು ಬೇಡವೆಂದೆ, "ಹಿರಿಯರ ಮಾತು ಮೀರ್ತೀಯಾ?" ಎಂದಳು. ಬೆರಳ ತುದಿಯಷ್ಟು ಮೆಂತೆ, ಬೆಳ್ಳಗೆ ಬಿಳಿಚಿಕೊಂಡದ್ದು, ಕಾಣಿಸಿದ ದಿನ ಅದನ್ನು ಕಿತ್ತು ತಂದು ನನಗೆ ತೋರಿಸಿದಳು. ಅವತ್ತೇ ಅಯ್‌ಪೆರಿ ಬಂದದ್ದು. ಅವಳು ಜೀಪಿನಿಂದಿಳಿಯುವ ಮೊದಲೇ ಕೂಗಿಕೊಂಡಳು.

"ಅಯ್ಯೋ ಅಮ್ಮಾ, ನಿಲ್ಲಿಸಿ! ಗುಡ್ಡದ ಕಾಲು ಕಡೀತಿದ್ದೀರಲ್ಲ!"

"ನನ್ನ ಹೊಲ ಬಿಡಿಸಿಕೊಳ್ತಿದ್ದೀನಿ."

"ಮೇಲಿರೋ ಗುಡ್ಡ ಈ ಮಣ್ಣಿಗೆ ಒರಗಿಕೊಂಡು ನಿಂತಿದೆ. ನೀವು ಇದನ್ನ ತೆಗೆದಷ್ಟೂ ಮೇಲಿಂದು ಜಾರುತ್ತೆ. ಮೊದಲು ಬರೋದು ಆ ಮನೆ."

ಅವ್ವ ತಲೆಯೆತ್ತಿ ನೋಡಿದಳು. ಅಂಚಿನಲ್ಲಿ ದೊಡ್ಡವ್ವನ ಮನೆ. ಅಂಗಳದಲ್ಲಿ ಅವಳು ಬಗ್ಗಿ ಒಲೆಯ ಅಂಚು ನುಣುಪು ಮಾಡುತ್ತಿದ್ದಳು. ಅವ್ವ ಸಲಿಕೆಯ ಮಣ್ಣನ್ನು ಹುಲ್ಲಿಗೆ ಒರೆಸಿ, ಮನೆಗೆ ಬಂದು, ಬಾಗಿಲ ಹಿಂದೆ ಒರಗಿಸಿಟ್ಟಳು. ಅವತ್ತು ಊಟಕ್ಕೆ ಕೂರಲಿಲ್ಲ, ತಲೆನೋವು ಎಂದಳು.

ಮರುದಿನದಿಂದ ಹೊಳೆಯ ಗುಂಡುಕಲ್ಲು ಹೊರತೊಡಗಿದಳು. ಅಗೆದ ಜಾಗದಲ್ಲೇ ಒಂದರ ಮೇಲೊಂದು ಪೇರಿಸಿದಳು.

"ಏನವ್ವ ಇದು?"

"ಗೋಡೆ. ಅವಳ ಮರಗಳು ನಾಳೆ ಅಡುಗೆಮನೆಗೂ ಬಂದ್ರೆ? ಬಾಯಿ ಮುಚ್ಕೊಂಡು ಕಲ್ಲು ತಾ. ಆ ಮೇಲಿನವಳಿಗೆ ಒಂದು ಮಾತು ಹೇಳಿದ್ರೆ ನೋಡು ಮತ್ತೆ."

ನಾನು ಟ್ರ್ಯಾಕ್ಟರಿನಲ್ಲಿ ಕಲ್ಲು ತಂದುಹಾಕಿದೆ. ಮೇಲಿನಿಂದ ದೊಡ್ಡವ್ವ ನೋಡುತ್ತಲೇ ಇದ್ದಳು. ನಾನು ಕೆನೆ ಕೊಡಲು ಹೋದಾಗ, "ಬೇಲಿ ಹಾಕ್ತಿದ್ದಾಳಾ ನಿಮ್ಮವ್ವ? ಹಾಕಲಿ. ನನ್ನ ಮರ ನಾನು ನೋಡದ ಹಾಗೆ ಮಾಡೋಕೆ ತಾನೆ?" ಎಂದಳು. ಕೆನೆ ತೆಗೆದುಕೊಳ್ಳಲಿಲ್ಲ.

ನಿಜ ಹೇಳಿದವಳು ಅಯ್‌ಪೆರಿ. ಮನೆ ಬಿಡಿ ಎಂದು ಹೇಳಲು ಹೋದವಳು ಮಾತಿನ ನಡುವೆ, "ಕೆಳಗಿನ ಅಮ್ಮ ನೋಡಿ, ನಿಮ್ಮನೆ ಬೀಳಬಾರದು ಅಂತ ಹೊಲದ ಆಸೆ ಬಿಟ್ಟು ಕಲ್ಲು ಹೊರ್ತಿದ್ದಾರೆ. ಆ ಗೋಡೆಯಿಂದ ಏನೂ ಆಗಲ್ಲ, ಅದು ಬೇರೆ ಮಾತು" ಎಂದಳಂತೆ. ದೊಡ್ಡವ್ವ ಕೈಯಲ್ಲಿದ್ದ ಮಣ್ಣಿನ ಉಂಡೆಯನ್ನು ಸುಮ್ಮನೆ ಹಿಸುಕುತ್ತ ಕೂತುಬಿಟ್ಟಳಂತೆ. ಮಣ್ಣು ಬೆರಳ ಸಂದಿಯಲ್ಲಿ ಒಣಗಿದರೂ ಏಳಲಿಲ್ಲವಂತೆ.

ಮಾರನೆಯ ದಿನ ಅವಳು ಕೆಳಗಿಳಿದು ಬಂದಳು. ಗೋಡೆಯನ್ನು ಈ ತುದಿಯಿಂದ ಆ ತುದಿಗೆ ನೋಡಿ, ಒಂದು ಕಲ್ಲನ್ನು ಕಾಲಿನಿಂದ ಅಲುಗಿಸಿದಳು.

"ಇದನ್ನ ಕಟ್ಟಿದ್ದು ಯಾರು? ಕುರಿ ಒರಗಿದ್ರೆ ಬೀಳುತ್ತೆ."

"ನೀನೇ ಒರಗಿ ನೋಡು" ಎಂದಳು ಅವ್ವ.

"ಸರಿ ಸರಿ, ದೊಡ್ಡ ಕಲ್ಲು ಕೆಳಗಿಡಬೇಕು ಅನಾರ್. ಅಷ್ಟೂ ಗೊತ್ತಿಲ್ವಾ?"

"ದೊಡ್ಡ ಕಲ್ಲು ಎತ್ತೋಕೆ ಇನ್ನೊಂದು ಜೋಡಿ ಕೈ ಬೇಕಲ್ಲಕ್ಕ."

ಅಕ್ಕ ಎಂಬ ಮಾತು ಅವ್ವನ ಬಾಯಿಂದ ತಪ್ಪಿ ಬಂತೋ ಬೇಕೆಂದೇ ಬಂತೋ ತಿಳಿಯದು. ದೊಡ್ಡವ್ವ ಅಂಗಿಯ ತೋಳು ಮೇಲಕ್ಕೆ ಮಡಚಿದಳು. ಗೋಡೆಯನ್ನು ಪೂರ್ತಿ ಕಿತ್ತು ಮೊದಲಿನಿಂದ ಕಟ್ಟಿದರು. ಒಂದೊಂದು ಕಲ್ಲಿಗೂ ಜಗಳ. ಬೇಸಿಗೆಯೆಲ್ಲ ಅದೇ ಆಯಿತು. ಮೇಲಿನ ಕೇರಿ ಅಷ್ಟರಲ್ಲಿ ಖಾಲಿಯಾಗಿತ್ತು. ಹಿಮ ಬೀಳುವ ಹೊತ್ತಿಗೆ ದೊಡ್ಡವ್ವ ಹಾಸಿಗೆ, ಹಸು, ಒಲೆಯ ಸಾಮಾನು ತೆಗೆದುಕೊಂಡು ನಮ್ಮಲ್ಲಿಗೆ ಬಂದಳು. ಮನೆ ಬೀಳುತ್ತದೆಂದು ಹೆದರಿ ಅಲ್ಲವಂತೆ, ಮರಗಳನ್ನು ಹತ್ತಿರದಿಂದ ನೋಡಿಕೊಳ್ಳಲಂತೆ.

ಮುಂದಿನ ವಸಂತದಲ್ಲಿ ಮನೆಯೂ ಬಂತು. ಈ ಸಲ ಗುಡ್ಡಕ್ಕೆ ತಾಳ್ಮೆಯಿರಲಿಲ್ಲ. ದೊಡ್ಡ ಸದ್ದಾಯಿತು, ಹಳದಿ ದೂಳು ಎದ್ದಿತು, ದೂಳು ಇಳಿದಾಗ ಮಾಡು ಮಾತ್ರ ಮಣ್ಣಿನ ಮೇಲೆ ಬೋರಲು ಬಿದ್ದಿತ್ತು. ದೊಡ್ಡವ್ವ ಕಿಟಕಿಯಿಂದ ನೋಡಿ, ಕಿಟಕಿಗೆ ಬೆನ್ನು ಹಾಕಿ ಕೂತಳು. ಮದುವೆಯಾಗಿ ಬಂದು ಚಹಾ ಬಡಿಸಿದ ಮನೆ ಅದು, ದೊಡ್ಡಪ್ಪ ಕಣ್ಣು ಮುಚ್ಚಿದ ಮನೆ. ಅವ್ವ ಚಹಾ ತಂದು ಪಕ್ಕದಲ್ಲಿಟ್ಟು ತಾನೂ ಕೂತಳು.

ಮಣ್ಣು ಆ ಕಲ್ಲಿನ ಗೋಡೆಯ ತನಕ ಬರದೆ ತುಸು ದೂರದಲ್ಲೇ ನಿಂತಿತ್ತು. ಗೋಡೆಗೆ ಹೆದರಿತೆಂದು ಓರಗಿತ್ತಿಯರು ಇಂದಿಗೂ ಹೇಳುತ್ತಾರೆ. ಅಲ್ಲಿ ಇಳಿಜಾರು ಮುಗಿದಿತ್ತು, ಗೋಡೆ ಇಲ್ಲದಿದ್ದರೂ ಅಲ್ಲೇ ನಿಲ್ಲುತ್ತಿತ್ತು ಎಂದು ಅಯ್‌ಪೆರಿ ವಿವರಿಸಿದಳು. ಅವಳು ಹೇಳಿದ್ದೇ ಸರಿ. ಅವಳಿಗೆ ಊಟ ಬಡಿಸಿದರು, ಮಾತು ಮಾತ್ರ ಒಪ್ಪಲಿಲ್ಲ.

ಮರಗಳಲ್ಲಿ ಬೇರು ಹರಿದಿದ್ದ ಬಹಳಷ್ಟು ಒಣಗಿದವು. ಬದುಕಿದವು ಐದು, ಒಂದೊಂದು ಒಂದೊಂದು ಕಡೆ ವಾಲಿಕೊಂಡಿವೆ, ಹಣ್ಣು ಕೀಳಲು ಏಣಿ ಬೇಕಿಲ್ಲ. ಒಲೆಯ ಮಣ್ಣನ್ನು ಮೊದಲು ಹೊತ್ತು ತರಬೇಕಿತ್ತು, ಈಗ ಬಾಗಿಲಿಗೇ ಬಂದು ಬಿದ್ದಿದೆ ಎಂದು ದೊಡ್ಡವ್ವ ದಿನಕ್ಕೊಂದು ಸಲ ಹೇಳುತ್ತಾಳೆ. ನಮ್ಮ ದಿಬ್ಬದ ಮೇಲೆ, ಗುಂಡುಕಲ್ಲಿನ ಗಟ್ಟಿ ನೆಲದಲ್ಲಿ, ಅವಳಿಗೆ ಎರಡು ಕೋಣೆ ಕಟ್ಟಿದೆವು. ಕಿಟಕಿ ಯಾವ ಕಡೆಗಿರಬೇಕೆಂದು ಓರಗಿತ್ತಿಯರು ಒಂದು ವಾರ ಕಚ್ಚಾಡಿದರು. ಹೊಳೆಯ ಕಡೆಗಿರಲಿ, ತಂಪಾಗಿರುತ್ತದೆ ಎಂದಳು ಅವ್ವ.

"ಹೊಳೆ ಕಡೆ ಏನಿದೆ ನೋಡೋಕೆ? ಅದು ದಿನಾ ಹೋಗ್ತಾನೇ ಇರುತ್ತೆ" ಎಂದಳು ದೊಡ್ಡವ್ವ.

ಕಿಟಕಿಯನ್ನು ಗುಡ್ಡದ ಕಡೆಗೇ ಇಟ್ಟೆವು.